ಐದನೆಯದು

ಮಾಮೂಲುಪೇಟೆಯ ಈ ಗಲ್ಲಿಯಲ್ಲಿ ಆಕಾಶ
ಲಂಗದ ಅಂಚಿನಷ್ಟೇ ಅಗಲ.
ಅದರಲ್ಲೂ ಅರ್ಧ ಕೇಬಲ್ಲು, ಮಿಕ್ಕಿದ್ದು ಒಣಹಾಕಿದ ಬನಿಯನ್ನು.

ತರಕಾರಿ ಚೀಲದಲ್ಲಿ ರಿಸೀವರು,
ಕೊಡೆಯ ಹಾಗೆ ಎತ್ತಿ ಹಿಡಿದ ಆಂಟೆನಾ.
'ಏನಮ್ಮಾ, ಮೀಟರ್ ಓದೋಕೆ ಬಂದ್ರಾ?'
ಹೂಂ ಅನ್ನುತ್ತೇನೆ. ಪೂರ್ತಿ ಸುಳ್ಳಲ್ಲ.

ಅಮೆರಿಕದವು ಮೂರು ಸಿಕ್ಕಿವೆ. ಸಾಲದು.
ಚೀನಾದ್ದು ಒಂದು. ಒಟ್ಟು ನಾಲ್ಕು, ಆದರೂ ಸಾಲದು.
ನಮ್ಮದೂ ಇರಬೇಕು, ಲಾಡ್ಜಿನ ನೀರಿನ ಟ್ಯಾಂಕಿನ ಬೆನ್ನಿಗೆ.
ನಾನು ಎಲ್ಲಿದ್ದೇನೆಂದು ಹೇಳಲು ನಾಲ್ಕು ಸಾಕು,
ಅವು ಒಂದೇ ಮನೆಯವಾದರೆ.
ಎರಡು ಮನೆಯವಾದರೆ ಐದು ಬೇಕು.
ಆ ಹೆಚ್ಚಿನದಕ್ಕೆ ನನ್ನ ಗೊಡವೆಯಿಲ್ಲ;
ಅವರಿಬ್ಬರ ಗಡಿಯಾರದ ನಡುವಿನ ಬಿರುಕಿಗೇ
ಅದರ ಲೆಕ್ಕವೆಲ್ಲ ಖರ್ಚು.

ಹದಿನಾಲ್ಕು ಸೆಕೆಂಡು ಪುಸ್ತಕದಲ್ಲೇ ಇದೆ, ಕಳೆದರೆ ಮುಗಿಯಿತು.
ಆಮೇಲೂ ಉಳಿಯುತ್ತದೆ ಒಂದು ಚೂರು,
ಬೆಳಕು ಇಪ್ಪತ್ತಡಿ ನಡೆಯುವಷ್ಟು ಹೊತ್ತು,
ದಿನಕ್ಕೊಂದು ಥರ.
ಅಷ್ಟರಲ್ಲೇ ನಾನು ಗೋಡೆ ದಾಟಿ
ಪಾಪಯ್ಯಶೆಟ್ಟರ ಗಲ್ಲಾಪೆಟ್ಟಿಗೆಯ ಮೇಲೆ ನಿಂತಿರುತ್ತೇನೆ.

ಶೆಟ್ಟರದು ಗುಂಡಿ, ಲೇಸಿನ ಅಂಗಡಿ.
ಎದುರಿಗೆ ಭಬೂತಮಲ್ ಸೇಟುದೂ ಗುಂಡಿ, ಲೇಸು.
ಬೋರ್ಡಿನ ಒಂದು ಮೊಳೆಗಾಗಿ ಮಾತು ಬಿಟ್ಟು ಹತ್ತೊಂಬತ್ತು ವರ್ಷ.
ಶೆಟ್ಟರ ಗಡಿಯಾರ ಹತ್ತು ನಿಮಿಷ ಮುಂದೆ, ಬೇಕಂತಲೇ.
ಸೇಟುದು ಶೆಲ್ಲು ಸೊರಗಿ ಸದಾ ಹಿಂದೆ.
ಇಬ್ಬರ ಮೂಟೆಯೂ ಗವಿರಂಗನ ತಳ್ಳುಗಾಡಿಯಲ್ಲಿ
ಕಲಾಸಿಪಾಳ್ಯದ ಒಂದೇ ಲಾರಿಗೆ.

'ಶೆಟ್ರು ನಾಲ್ಕಕ್ಕೆ ಬಾ ಅಂದ್ರೆ ಟೀ ಬಿಟ್ಟು ಓಡ್ತೀನಿ,
ಸೇಟು ನಾಲ್ಕಕ್ಕೆ ಅಂದ್ರೆ ಇನ್ನೊಂದು ಬೈಟೂ ಹೇಳ್ತೀನಿ.'
ಯಾವುದರ ಮುಳ್ಳನ್ನೂ ಅವನು ಮುಟ್ಟಿದವನಲ್ಲ.

ನಾವು ಪೀಣ್ಯದ ಮೀಟಿಂಗ್ ರೂಮಿನಲ್ಲಿ ಎರಡು ವರ್ಷ ವಾದಿಸಿದೆವು,
ಯಾರ ಕಾಲ ಸರಿ, ಯಾರಿಗೆ ಯಾರು ಬಗ್ಗಬೇಕು,
ತಟ್ಟೆಯ ಬಿಸ್ಕತ್ತು ಮೆತ್ತಗಾಗುವ ತನಕ.

ಪ್ಯಾರಪೆಟ್ಟಿನ ಮೇಲೆ ಚೀನಾದ ಇನ್ನೊಂದು ಇಣುಕಿತು.
ಅಂಕಿಗಳು ತಡವರಿಸಿದವು,
ಜಗುಲಿ ಹತ್ತಿದವು, ಇಳಿದವು, ನಿಂತವು:
ನಾನು ನಿಜಕ್ಕೂ ನಿಂತಲ್ಲೇ, ಚರಂಡಿಯ ಒಡೆದ ಕಲ್ಲಿನ ಮೇಲೆ,
ಚಪ್ಪಲಿ ಒದ್ದೆ.

ಬರೆದಿಟ್ಟುಕೊಳ್ಳಬೇಕು. ಫೋನು ಚೀಲದ ತಳದಲ್ಲಿ.
ರಂಗಣ್ಣಾ, ಟೈಮೆಷ್ಟು?
ಗಾಡಿ ನಿಲ್ಲಿಸದೆ, ತಿರುಗಿ ನೋಡದೆ,
'ಯಾರ್ ಟೈಮು ಮೇಡಂ?' ಅಂದ.