ಗೇಟು ಬಿದ್ದಾಗ

ಸುಧಾ ಕ್ರಾಸಿನ ಗೇಟು ಬೀಳುವ ಮೊದಲೇ
ಎರ್ರಮ್ಮನಿಗೆ ಗೊತ್ತಾಗುತ್ತದೆ.
ಗಂಟೆಯಿಂದಲ್ಲ,
ಹಾರ್ನುಗಳ ಸದ್ದು ದಪ್ಪಗಾಗುವುದರಿಂದ.
ಐದು ಬಿಡುತ್ತಿದ್ದ ಕೈ ಆರು ಮೆಣಸಿನಕಾಯಿ ಬಿಡುತ್ತದೆ ಎಣ್ಣೆಗೆ,
ಆಮೇಲೆ ಏಳು, ಆಮೇಲೆ ಎಂಟು.
ನೊರೆ ಸೋತಿತೋ, ಸಟ್ಟನೆ ನಾಲ್ಕು.
"ಎಲ್ಲ ಒಂದೇ ಸಲ ಹಾಕಿದ್ರೆ ಎಣ್ಣೆ ಆರಿ ಹೋಗ್ತೈತಮ್ಮ,
ಬಜ್ಜಿ ಬೇಯಲ್ಲ, ಎಣ್ಣೆ ಕುಡೀತೈತೆ."
ನಾನು ಸ್ಕೂಟಿಯ ಮೇಲೇ ಕೂತು ತಿನ್ನುತ್ತೇನೆ.
ಅದಿರಿನ ಗೂಡ್ಸು ಹೋಗುತ್ತದೆ, ಕೆಂಪು ಧೂಳು,
ವ್ಯಾಗನ್ನು ಎಣಿಸುವುದು ನನಗೊಂದು ಚಟ.

ನನ್ನ ಕೆಲಸವೂ ಇಂಥದೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.
ಹೊರಗೆ ಮೇ ತಿಂಗಳು, ಕೋಟೆ ಗುಡ್ಡ ಕಾದ ಹೆಂಚು.
ಎರಡನೇ ಮಹಡಿಯಲ್ಲಿ ಸ್ವೆಟರ್ ಹಾಕಿಕೊಂಡು
ಕೂದಲೆಳೆಯಂಥ ಗಾಜಿನಲ್ಲಿ ಓಡುವ ಬಳ್ಳಾರಿಯನ್ನು ಕಾಯುತ್ತೇನೆ.
ಕೌಲ್ ಬಜಾರಿನ ಜೀನ್ಸ್ ಆರ್ಡರು,
ಯಾರದೋ ಪಕ್ಕೆಲುಬಿನ ಎಕ್ಸ್‌ರೇ,
ಒಂದು ಜಗಳ, ಒಂದು ಮುದ್ದು,
ಎಲ್ಲ ಚೂರು ಚೂರಾಗಿ ಸಾಲು ನಿಲ್ಲುತ್ತವೆ.
ಚೂರು ತಲುಪಿದರೆ ಆ ಕಡೆಯಿಂದ ಒಂದೇ ಮಾತು: ಮುಟ್ಟಿತು.
ಅಜ್ಜನ ಕಾಗದಗಳಲ್ಲಿ ಇರುತ್ತಿತ್ತಲ್ಲ, ಅದೇ.
ಮುಟ್ಟಿತು ಅಂದರೆ ಇನ್ನೊಂದು ಹೆಚ್ಚಿಗೆ ಕಳಿಸು.
ಏನೂ ಅನ್ನದಿದ್ದರೆ ಅರ್ಧಕ್ಕೆ ಇಳಿ.
ನಿಲ್ಲು ಎನ್ನುವ ಪೊಲೀಸು ಆ ದಾರಿಯಲ್ಲಿ ಎಲ್ಲೂ ಇಲ್ಲ.
ಒಬ್ಬರಿಗೊಬ್ಬರು ಗೊತ್ತಿಲ್ಲದ ಸಾವಿರ ಮಂದಿ
ಬಾರದ ಉತ್ತರಕ್ಕೆ ತಾವೇ ತಗ್ಗಬೇಕು.

ಹತ್ತನೇ ಕ್ಲಾಸಿನ ರಿಸಲ್ಟು ಬಿಟ್ಟ ದಿನ
ಪರದೆಯ ಹಸಿರು ಗೆರೆ ನೆಟ್ಟಗೆ ಎದ್ದು
ಮೇಲಿನ ಅಂಚಿಗೆ ಹಣೆ ಬಡಿಯಿತು.
ಗೌಸ್ ಹೊಸಬ, ಬೆವರಿದ್ದ, ಆ ಚಳಿಯಲ್ಲೂ.
"ಬಫರ್ ದೊಡ್ಡದು ಮಾಡೋಣ ಮೇಡಂ, ಯಾವುದೂ ಬೀಳಲ್ಲ."

ಬೀಳಲ್ಲ, ಗೌಸ್. ನಿಲ್ಲುತ್ತೆ.
ಗೇಟಿನ ಹತ್ತಿರ ಪಕ್ಕದ ಮಣ್ಣಿಗೂ ಗಾಡಿ ನುಗ್ಗಿಸಿದ್ದರಲ್ಲ ಆವತ್ತು,
ಎರಡು ಸಾಲಿದ್ದದ್ದು ಆರು ಸಾಲು,
ಆ ಕಡೆಯೂ ಆರು,
ರೈಲು ಹೋಗಿ, ಕಂಬ ಎದ್ದು, ದಾರಿ ಪೂರ್ತಿ ತೆರೆದು,
ಟೆಂಪೋದ ಮೂಗಿಗೆ ಲಾರಿಯ ಮೂಗು,
ನಡುವೆ ಒಂದು ಸೈಕಲ್ಲೂ ದಾಟಲಿಲ್ಲ.

ಹಾಗಾಗಿ ಸಾಲು ತುಂಬುವ ಮುಂಚೆಯೇ ಬೀಳಿಸಲು ಹೇಳಿದೆ.
ನೂರಕ್ಕೆ ಎರಡು. ಸಾಲು ಬೆಳೆದರೆ ಮೂರು, ಕರಗಿದರೆ ಒಂದು.
ಯಾರದೆಂದು ನೋಡುವ ಹಾಗಿಲ್ಲ,
ನೋಡಿದರೆ ಅದು ಬೇರೆ ಥರದ ಕೆಲಸ.
ಬಿದ್ದವರು ತಗ್ಗಿದರು. ತಗ್ಗಿದ್ದರಿಂದ ಉಳಿದವರು ಸರಿದರು.
ಬಿದ್ದದ್ದನ್ನೇ ಮತ್ತೆ ಕಳಿಸಿದರು.
ಮಧ್ಯಾಹ್ನದ ಹೊತ್ತಿಗೆ ಗೆರೆ
ಗರಗಸದ ಹಲ್ಲಿನ ಹಾಗೆ, ಮೆಲ್ಲಗೆ ಏರು, ಥಟ್ಟನೆ ಇಳಿ,
ಮೆಲ್ಲಗೆ ಏರು.
ಗೌಸ್ ಟೀ ತಂದ. ನನ್ನ ಕೈ ಸಣ್ಣಗೆ ನಡುಗುತ್ತಿತ್ತು.

ಸಂಜೆ ಗೇಟು ಬಿದ್ದಿತ್ತು.
"ಉರುಕುಂದಿ ರಿಸಲ್ಟು ನೋಡಾಕ ಕುಂತ್ರೆ
ಫೋನಿನಾಗ ಬರೇ ದುಂಡಗ ತಿರುಗ್ತಿತ್ತಮ್ಮ, ಅರ್ಧ ತಾಸು.
ಆ ಹುಡುಗಿ ಮುಖ ನೋಡಾಕ ಆಗ್ಲಿಲ್ಲ."
ಆಮೇಲೆ?
"ಬಂತು. ಗಣಿತ ಒಂದು ಹೋಗೈತೆ."
ಹಿಟ್ಟಿನ ಕೈಯನ್ನು ಬಕೆಟ್ಟಿನ ಅಂಚಿಗೆ ಒರೆಸಿದಳು.
"ಹೋದ್ರೆ ಹೋಗ್ಲಿ. ಮತ್ತೆ ಬರೀತಾಳೆ."

ಆ ಅರ್ಧ ತಾಸಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ.
ನೂರಕ್ಕೆ ಎರಡು ಎಂದರೆ ಹೇಗೆ ವಿವರಿಸಲಿ,
ಮೂರು ರೂಪಾಯಿ ಚಿಲ್ಲರೆಯನ್ನೂ ಎಣಿಸಿ ಕೊಡುವವಳಿಗೆ.
ಅವಳು ಬಾಣಲೆ ನೋಡಿ, ಸಾಲು ನೋಡಿ,
ನಾಲ್ಕೇ ಬಿಟ್ಟಳು.
ನಾನು ತಲೆ ತಗ್ಗಿಸಿ ವ್ಯಾಗನ್ನು ಎಣಿಸತೊಡಗಿದೆ.
ನಲವತ್ತೊಂದಕ್ಕೆ ಲೆಕ್ಕ ತಪ್ಪಿತು.
ಮೊದಲಿಂದ ಎಣಿಸೋಣವೆಂದು ಕತ್ತೆತ್ತಿದರೆ
ಗಾರ್ಡಿನ ಡಬ್ಬಿ, ಅದರ ಕೆಂಪು ದೀಪ,
ಆಗಲೇ ದಾಟಿ ಹೋಗಿತ್ತು.