ತುಕ್ಕಿನ ಕಪ್ಪು

ಸಾವರ್ಡೆಯ ಹೊಳೆದಂಡೆಯಲ್ಲಿ ನಿಂತೇ ಹೋದ
ಬಾರ್ಜಿನ ನಟ್ಟು ಬೋಲ್ಟು, ಒಂದು ಡಬ್ಬಿ.
"ಗುಜರಿಗೆ ಹಾಕು, ಚಹಕ್ಕಾದರೂ ಆದೀತು" ಅಂದ ಗಂಡ.
ನಾನು ಬೆಲ್ಲದ ನೀರಿಗೆ ಹಾಕಿದೆ.

ಇಪ್ಪತ್ತು ದಿನ. ಓಣಿಗೆಲ್ಲ ನಾತ.
ಅಪೊಲಿನ್ ಮಾಯ್ ಮಾತ್ರ ಮಡಕೆಗೆ ಮೂಗಿಟ್ಟು
"ಈಗ ಹದ" ಅಂದಳು.

ಅಳಲೆಕಾಯಿ ರಸದಲ್ಲಿ ಮಿಂದ ನೂಲು
ಹಳದಿಯಾಗಿಯೇ ಒಳಗಿಳಿದು
ಎದ್ದಿತು,
ಕಾಡಿಗೆ.

ಕೆಂಪು ಚೌಕಡಿಗೆ ಅದೇ ಗೆರೆ.
ಲಾಳಿ ಎಡಕ್ಕೆ ಹೋಗಿ ಬಲಕ್ಕೆ ಬರುವಷ್ಟರಲ್ಲಿ
ಎಳೆ ಎರಡು ಸಲ ಕಡಿಯಿತು.
ಮಾಯ್ ಬಯ್ಯಲಿಲ್ಲ;
ಉಗುಳು ಹಚ್ಚಿ ಹೊಸೆದು ತೋರಿಸಿದಳು.

ಸಂಜೆ ಎಷ್ಟು ತಿಕ್ಕಿದರೂ ಉಗುರ ಸಂದಿಯಲ್ಲಿ ಕಪ್ಪು.
ಗಂಡ ತನ್ನ ಕೈಯನ್ನು ನನ್ನ ಕೈಯ ಪಕ್ಕಕ್ಕಿಟ್ಟು ನೋಡಿದ.
ಅವನದು ಬೆಳ್ಳಗಾಗಿ
ಮೂರು ವರ್ಷ.