ಹಿಂದಿನ ಸೀಟು

ಹಿಂದೆ ಕೂತವರ ಬಲಗಾಲಿಗೂ ಒಂದು ಬ್ರೇಕಿದೆ,
ಯಾವ ಗಾಡಿಗೂ ಅದನ್ನು ಜೋಡಿಸಿಲ್ಲ, ಅಷ್ಟೆ.
ನಲವತ್ತು ವರ್ಷ ಒತ್ತಿದ್ದೇನೆ:
ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ,
ಆಮೇಲೆ ಗಂಡನ ಹಿಂದೆ, ಅವರು ತೀರಿದ ಮೇಲೆ
ತಮ್ಮ ಕರಿಬಸಪ್ಪನ ಹಿಂದೆ,
ಸೆರಗು ಚಕ್ರಕ್ಕೆ ಸಿಗದಂತೆ ಮುದುರಿ ಹಿಡಿದು,
ಅಶೋಕ ಟಾಕೀಸಿನ ಗೇಟು ಬಿದ್ದಾಗಲೆಲ್ಲ
ಗೂಡ್ಸಿನ ಡಬ್ಬಿ ಎಣಿಸುತ್ತಾ.
ಐವತ್ತೆಂಟು. ಒಮ್ಮೆ ಐವತ್ತೊಂಬತ್ತು.
ಗೇಟು ಎದ್ದರೆ ಎಡಕ್ಕೋ ಬಲಕ್ಕೋ
ನನ್ನನ್ನು ಕೇಳಿದವರಿಲ್ಲ.
ಕೇಳಿದ್ದರೆ ಹೇಳಲು ಬರುತ್ತಿತ್ತು ಅಂತಲೂ ಅಲ್ಲ.

ಭಟ್ಟಿಯಲ್ಲಿ ನನ್ನ ಪಕ್ಕ ಮಂಡಕ್ಕಿ ಜರಡಿ ಹಿಡಿಯುವ ಶಬೀನಾ
ಯಾರದೋ ಹಳೇ ಮೊಪೆಡ್ಡು ತೋರಿಸಿ
"ಚೀಟಿ ದುಡ್ಡು ಬಂದೈತಲ್ಲ, ತಗೋ ಹಾಲಮ್ಮಕ್ಕ.
ಕೂದಲು ಹಣ್ಣಾಗ್ತಾವು, ಬ್ಯಾಲೆನ್ಸು ಹಣ್ಣಾಗಲ್ಲ" ಅಂದಳು.

ಮುಚ್ಚಿದ ಮಿಲ್ಲಿನ ಹಿಂದಿನ ಬಯಲು, ಬೆಳಗಿನ ಐದೂವರೆ.
ಮೊದಲ ದಿನ ಜಾಲಿಗಿಡಕ್ಕೆ ಹೋಗಿ ಬಡಿದೆ.
ಎರಡನೇ ದಿನ ಅದೇ ಜಾಲಿಗೆ.
ಇಡೀ ಬಯಲಲ್ಲಿ ಇದ್ದದ್ದು ಅದೊಂದೇ ಗಿಡ.
ಶಬೀನಾ ಹೊಟ್ಟೆ ಹಿಡಿದು ಕೂತುಬಿಟ್ಟಳು.
"ಅದನ್ನೇ ನೋಡ್ತಿ, ಅಲ್ಲಿಗೇ ಹೋಗ್ತಿ.
ಗಾಡಿ ಕೈ ಮಾತು ಕೇಳಲ್ಲಕ್ಕ,
ಕಣ್ಣಿನ ಮಾತು ಕೇಳ್ತತಿ."

ರಾತ್ರಿ ಮೊಣಕೈಗೆ ಅರಿಶಿನ ಮೆತ್ತುತ್ತಾ
ಇದನ್ನೆಲ್ಲ ಬದುಕಿಗೆ ಹೋಲಿಸಬಾರದು ಅಂದುಕೊಂಡೆ.
ಹೋಲಿಸಿದೆ. ನಿದ್ದೆ ಬರಲಿಲ್ಲ.

ಒಬ್ಬಳೇ ಹೊರಟ ದಿನ
ಬಂಕಿನ ಹುಡುಗ "ಎಷ್ಟಕ್ಕ ಹಾಕ್ಲಿ?" ಅಂದ.
ಹಿಂದೆ ತಿರುಗಿ ನೋಡಿದೆ,
ಉತ್ತರ ಹೇಳುವವರು ಯಾರಾದರೂ ಇದ್ದಾರೇನೋ ಅಂತ.
ಖಾಲಿ ಸೀಟು, ಹರಿದ ರೆಕ್ಸಿನ್ನು.
"ನೂರು ರೂಪಾಯಿದು" ಅಂದೆ, ಬೇಕಾದ್ದಕ್ಕಿಂತ ಜೋರಾಗಿ.

ಗೇಟು ಎದ್ದಿತು. ಹಿಂದಿನಿಂದ ಹಾರನ್ನು.
ಆಗ ಗೊತ್ತಾಯಿತು, ನನಗೆ ಎಲ್ಲಿಗೂ ಹೋಗಬೇಕಿಲ್ಲ.
ಬಿದ್ದಾಗಲೂ ಅಷ್ಟು ಹೆದರಿರಲಿಲ್ಲ.

ಕೊನೆಗೆ ಕುಂದವಾಡ ಕೆರೆಗೆ ಹೋದೆ.
ಏರಿ ಮೇಲೆ ಕೂತು ಪೊಟ್ಟಣ ಬಿಚ್ಚಿದೆ, ಖಾರ ಮಂಡಕ್ಕಿ, ಎರಡು ಮಿರ್ಚಿ.
ಬಿಸಿ ಸೈಲೆನ್ಸರು ಟಿಕ್ ಟಿಕ್ ಅಂತ ಆರುತ್ತಿತ್ತು.
ಒಂದು ಮಿರ್ಚಿ ಕಚ್ಚಿದೆ, ನಿಧಾನ ಅಗಿದೆ.
ನನಗೆ ಮಿರ್ಚಿ ಸೇರುವುದಿಲ್ಲ!
ಇಷ್ಟು ವರ್ಷ ಕಟ್ಟಿಸಿ ತಂದರು, ತಿಂದೆ.
ಉಳಿದದ್ದು ನಾಯಿಗೆ ಹಾಕಿದೆ. ಅದು ಮೂಸಿ ಹೋಯಿತು.

ಮನೆ ಬಾಗಿಲಲ್ಲಿ ಕರಿಬಸಪ್ಪ.
"ಎಲ್ಲಿಗ್ ಹೋಗಿದ್ದಿ?"
"ಕೆರೆಗೆ."
"ಯಾಕೆ?"
"ಹೋಗಿದ್ದೆ."

ಟೀಪಾಯಿ ಮೇಲೆ ಕಾಗದ. ಅಪ್ಪನ ಸೈಟಿನ ಹಕ್ಕು ಬಿಡುಗಡೆ ಪತ್ರ,
ಪೆನ್ಸಿಲ್ಲಿನಲ್ಲಿ ಗುರುತು: ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ.
ಕೆಟ್ಟವನಲ್ಲ ಅವನು. ಪೆನ್ನಿನ ಕ್ಯಾಪು ತಾನೇ ತೆಗೆದು ಕೊಟ್ಟ.

ನನ್ನ ಬಲಗಾಲು ನೆಲ ಒತ್ತಿತು, ಹಳೇ ರೂಢಿ.
ಈ ಸಲ ಏನೋ ನಿಂತಿತು.

"ಕನ್ನಡಕ ತರ್ತೀನಿ ಇರು, ಓದಬೇಕು."

ಅವನ ಚಹಾ ಆರಿತು.
ಹೊರಗೆ ಯಾರೋ ಮೊಪೆಡ್ಡು ಅಡ್ಡ ಐತಿ ತೆಗೀರಿ ಅಂದರು.
ನಾನಿನ್ನೂ ಮೊದಲ ಪುಟದಲ್ಲೇ ಇದ್ದೆ.